ಹೆಬ್ಬೆರಳಿನ ಅಂದಾಜು

ಡಿಸೆಂಬರ್ 9, ಸೋಮವಾರ

ಗೆಳೆಯ ಇಮಾಮಹುಸೇನನ ಮಗಳು ಗುಲ್ನಾಜ್ ಇಂದಿನಿಂದ ಅಂಗಡಿಗೆ ಬಂದಳು. ಬಿ.ಕಾಂ. ಮುಗಿಸಿ ಒಂದೂವರೆ ವರ್ಷ ಸಿರುಗುಪ್ಪದ ಮನೆಯಲ್ಲಿ ಕೂತಿದ್ದವಳು. ಮಾಲೀಕರು ಚಂದ್ರಣ್ಣನವರಿಗೆ ಹೇಳಿ ಸೇರಿಸಿದವನು ನಾನೇ. ವಾರವೆಲ್ಲ ಕೌಲ್‌ಬಜಾರಿನಲ್ಲಿ ಅಜ್ಜಿ ಫಕೀರಬಿಯ ಹತ್ತಿರ ಇದ್ದು, ಶನಿವಾರ ಸಂಜೆ ಊರಿಗೆ ಹೋಗಿಬರುವುದು ಅಂತ ಮಾತಾಗಿದೆ.

ಇಮಾಮಹುಸೇನ್ ತನ್ನ ಟೆಂಪೊದಲ್ಲೇ ಕರೆತಂದಿದ್ದ. ಹಿಂದೆ ಮಿಲ್ಲಿನ ತೌಡಿನ ಚೀಲಗಳು. "ನಿನ್ನ ಕೈಯಾಗ ಹಾಕೀನಿ ಬಸಣ್ಣ. ಬೈದು ಕಲಿಸು, ಬಡಿದು ಕಲಿಸು, ನಾ ಯಾಕಂತ ಕೇಳಾಂಗಿಲ್ಲ" ಅಂದ.

"ಅಪ್ಪಾ, ನಿನ್ನ ಚೀಲ ಸೋರಾಕತ್ತೈತಿ. ಮೊದ್ಲ ಅದನ್ನ ನೋಡು" ಅಂದಳು ಹುಡುಗಿ. ಚಂದ್ರಣ್ಣನವರು ಒಳಗಿನಿಂದಲೇ ನಕ್ಕರು. ಅಂಗಡಿಯಲ್ಲಿ ಅವರು ನಕ್ಕದ್ದು ಬಹಳ ದಿನಕ್ಕೆ.

ನಮ್ಮದು ತುಕ್ಕು ಮತ್ತು ಹಳೆಯ ಬಣ್ಣ ತೆಗೆಯುವ ಸಾಮಾನಿನ ಅಂಗಡಿ. ಎಮರಿ ಕಾಗದ, ತಂತಿ ಬ್ರಷ್ಷು, ಗ್ರೈಂಡರಿಗೆ ಹಾಕುವ ನೂರೆಂಟು ಬಗೆಯ ಡಿಸ್ಕು. ಬಂದವರು "ಗೇಟಿನ ಬಣ್ಣ ತೆಗೀಬೇಕ್ರಿ, ಒಂದು ಡಿಸ್ಕ್ ಕೊಡ್ರಿ" ಅನ್ನುತ್ತಾರೆ. ಯಾವ ಗೇಟು, ಎಷ್ಟು ಪದರ ಬಣ್ಣ, ತಗಡು ಎಷ್ಟು ದಪ್ಪ ಅಂತ ನಾನು ಕೇಳುತ್ತೇನೆ. ತುಕ್ಕನ್ನು ಯಾವ ಡಿಸ್ಕಾದರೂ ತೆಗೆಯುತ್ತದೆ. ತುಕ್ಕಿನ ಕೆಳಗಿನ ಕಬ್ಬಿಣವನ್ನು ಯಾವುದು ಬಿಡುತ್ತದೆ ಅನ್ನುವುದಕ್ಕೆ ನನಗೆ ಸಂಬಳ. ಇಪ್ಪತ್ತೆರಡು ವರ್ಷದಿಂದ ಹೆಬ್ಬೆರಳಿನಲ್ಲಿ ಸವರಿ ಹೇಳುತ್ತಿದ್ದೇನೆ. ಒಮ್ಮೆಯೂ ಒಂದು ಡಿಸ್ಕು ವಾಪಸ್ ಬಂದಿಲ್ಲ.

ಈ ಡೈರಿಯಲ್ಲಿ ಹಾಳೆ ಸಿಗಲಿ ಅಂತ ಗುರುತಿನ ಪಟ್ಟಿಯಾಗಿ ಇಟ್ಟಿರುವುದು ಇಮಾಮಹುಸೇನನ ಟೆಂಪೊದ ನಂಬರಿನ ಅಚ್ಚು. ಎಂಟು ವರ್ಷದ ಹಿಂದೆ ಆದೋನಿಯಿಂದ ಹಳೆಯ ಗಾಡಿ ಕೊಂಡು ತಂದಾಗ, ಚೇಸಿಸ್ ಮೇಲೆ ಒತ್ತಿದ ನಂಬರಿನ ಪೆನ್ಸಿಲ್ ಪ್ರಿಂಟು ಹೆಸರು ಬದಲಿಸುವ ಅರ್ಜಿಗೆ ಬೇಕಿತ್ತು. ಕಾಗದದ ಪಟ್ಟಿ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿದರೆ ಅಂಕಿಗಳು ಕಾಗದಕ್ಕೆ ಏಳುತ್ತವೆ. ನಾನೇ ಕೂತು ಎರಡು ತೆಗೆದೆ. ಒಂದರಲ್ಲಿ ಕೊನೆಯ ಅಂಕಿಗಳು ಸರಿಯಾಗಿ ಮೂಡಲಿಲ್ಲ, ಅದನ್ನು ಅರ್ಜಿಗೆ ಕೊಟ್ಟ. ಇನ್ನೊಂದು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಕೊಡಲು ಮನಸ್ಸಾಗದೆ ಇಟ್ಟುಕೊಂಡೆ.

ಡಿಸೆಂಬರ್ 13, ಶುಕ್ರವಾರ

ಹುಡುಗಿಗೆ ಕಾಳು, ಅಂದರೆ ಎಮರಿಯ ಒರಟುತನದ ನಂಬರು, ಗುರುತಿಸುವುದನ್ನು ಕಲಿಸಿದೆ. ಅಂಗೈ ಬೇಡ, ಅದು ಒರಟು. ಕಣ್ಣು ಮುಚ್ಚಿಸಿ, ಮುಂಗೈಯ ಒಳಮೈ ಮೇಲೆ ಒಂದೊಂದೇ ಎಮರಿ ಕಾಗದವನ್ನು ಎಳೆದೆ. ನಲವತ್ತು, ಅರವತ್ತು, ಎಂಬತ್ತು, ನೂರಿಪ್ಪತ್ತು. ತಪ್ಪು ಹೇಳಿದರೆ ಅದೇ ಜಾಗದ ಮೇಲೆ ಮತ್ತೊಮ್ಮೆ.

"ಏನ್ ಕಾಕಾ, ನನ್ನ ತುಕ್ಕು ತೆಗೀತೀರೇನು?" ಅಂದಳು.

ನಾನೂ ನಕ್ಕೆ. ಅರ್ಧ ಗಂಟೆಯಲ್ಲಿ ಚರ್ಮದ ಮೇಲೆ ರಾಗಿ ಕಾಳಿನಷ್ಟು ರಕ್ತದ ಚುಕ್ಕೆಗಳು ಎದ್ದವು. ನನಗೆ ಕಲಿಸಿದ ಮೇಸ್ತ್ರಿಯೂ ನಿಲ್ಲಿಸಿರಲಿಲ್ಲ, ನಾನೂ ನಿಲ್ಲಿಸಲಿಲ್ಲ. ಊಟದ ಹೊತ್ತಿಗೆ ಹತ್ತಕ್ಕೆ ಹತ್ತು ಸರಿ ಹೇಳಿದಳು. ನನಗೆ ಇಷ್ಟು ಕಲಿಯಲು ಒಂದು ತಿಂಗಳು ಹಿಡಿದಿತ್ತು.

ಅವಳಿಗೆ ಅಂಗಡಿಯಲ್ಲಿ ಕಷ್ಟದ ಸಾಮಾನು ಒಂದೇ, ನಾರಿನ ಡಿಸ್ಕು. ಪಾತ್ರೆ ತಿಕ್ಕುವ ನಾರಿನಂಥದ್ದೇ ಹಾಳೆಗಳನ್ನು ಕಂದುಗೆಂಪು ಬಣ್ಣದಲ್ಲಿ ಹೂವಿನ ಎಸಳಿನಂತೆ ಜೋಡಿಸಿರುತ್ತಾರೆ. ಸಾದಾ ನಾರು ತುಕ್ಕನ್ನಷ್ಟೇ ತೆಗೆದು ಕಬ್ಬಿಣವನ್ನು ಮುಟ್ಟದೆ ಬಿಡುತ್ತದೆ. ಮಿಕ್ಸ್ ಅಂತ ಇನ್ನೊಂದಿದೆ, ಅದರಲ್ಲಿ ನಾರಿನ ಎಸಳುಗಳ ನಡುವೆ ಒರಟು ಎಮರಿ ಬಟ್ಟೆಯನ್ನು ಅಡಗಿಸಿರುತ್ತಾರೆ. ಮೇಲಿಂದ ನೋಡಿದರೆ ಎರಡೂ ಒಂದೇ. ನಮ್ಮಲ್ಲಿ ಚೀಟಿ ಇಲ್ಲದೆ ಬಿಡಿಯಾಗಿ ಬರುತ್ತವೆ, ಕಣ್ಣಿಗೆ ಕೆಲಸವಿಲ್ಲ. ಎಸಳುಗಳ ನಡುವೆ ಹೆಬ್ಬೆರಳು ತೂರಿಸಿದರೆ ಮಾತ್ರ ತಿಳಿಯುತ್ತದೆ. "ತೂರಿಸು" ಅಂದೆ. ತೂರಿಸಿದಳು. ಮೊದಲ ಸಲವೇ ಸರಿ.

ಡಿಸೆಂಬರ್ 28, ಶನಿವಾರ

ಬೆಳಿಗ್ಗೆ ನಮ್ಮೂರು ಕುರುಗೋಡಿನಲ್ಲಿ ಚಳಿ. ಬಸ್ಸಿನ ಕಂಬಿ ಹಿಡಿದರೆ ಬೆರಳ ತುದಿಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ. ಹಿಂದೆ ಕಂಟ್ರಾಕ್ಟರನ ಕೈಕೆಳಗೆ ಹನ್ನೊಂದು ವರ್ಷ ಅದುರುವ ಗ್ರೈಂಡರ್ ಹಿಡಿದದ್ದಕ್ಕೆ ಇದು ಪ್ರತಿ ಚಳಿಗಾಲದಲ್ಲೂ ಇದ್ದದ್ದೇ. ಬಿಸಿಲು ಏರಿದ ಮೇಲೆ ಬಣ್ಣ ಬರುತ್ತಿತ್ತು. ಈ ವರ್ಷ ಬಣ್ಣ ಬರುತ್ತದೆ, ಆಮೇಲೆ ಬರಬೇಕಾದ್ದು ಬರುವುದಿಲ್ಲ.

ಹೆಂಡತಿ ಸಾವಂತ್ರಮ್ಮ ಚಹಾ ಕೊಟ್ಟಳು. ಸ್ಟೀಲಿನ ಲೋಟ. ಕುಡಿಯುತ್ತಾ ಕೂತಿದ್ದೆ. ಅವಳು ಓಡಿಬಂದು ಲೋಟ ಕಿತ್ತುಕೊಂಡಳು. "ಕೈ ಸುಡಾಕತ್ತಿದ್ರೂ ಗೊತ್ತಾಗವಲ್ದೇನ್ರೀ ನಿಮಗ?" ಹೆಬ್ಬೆರಳಿನ ಮೇಲೆ ದೊಡ್ಡ ಬೊಕ್ಕೆ ಎದ್ದಿತ್ತು. ಡಾಕ್ಟರಿಗೆ ತೋರಿಸಿ ಅಂತ ಹಿಡಿದುಕೊಂಡಳು. ಕೂಗಾಡಿದೆ. ಅವಳ ಕೈಯಿಂದ ಕಸಿದು ಲೋಟ ಎಸೆದೆ ಅಂತ ಈಗ ಅನ್ನುತ್ತಾಳೆ, ನನಗೆ ಜಾರಿದ ಹಾಗೆ ನೆನಪು.

ಅಂಗಡಿಯಲ್ಲಿ ಗುಲ್ನಾಜ್ ಬೊಕ್ಕೆ ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಜನವರಿ 1, ಬುಧವಾರ

ಡಿಸ್ಕಿನ ಕಂಪನಿಯವರು ಹೊಸ ಡೈರಿ ಕೊಟ್ಟರು. ಗುರುತಿನ ಪಟ್ಟಿಯನ್ನು ಹಳೆಯದರಿಂದ ಇದಕ್ಕೆ ದಾಟಿಸಿದೆ.

ಜನವರಿ 6, ಸೋಮವಾರ

ಚಂದ್ರಣ್ಣನವರು ಮಧ್ಯಾಹ್ನ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಏಪ್ರಿಲ್‌ನಿಂದ ಸಂಗನಕಲ್ಲು ರಸ್ತೆಯಲ್ಲಿ ಗೋಡೌನ್ ತೆಗೆಯುತ್ತಾರಂತೆ. "ಕೌಂಟರಿಗೆ ಒಬ್ರ ಸಾಕು. ಇನ್ನೊಬ್ರು ಗೋಡೌನ್ ನೋಡ್ಕೊಂಬೇಕು. ಪೆಟ್ಟಿಗಿ ಇಳಿಸೋದು, ಏರಿಸೋದು, ಲೆಕ್ಕ ಇಡೋದು. ಯಾರು ಎಲ್ಲಿ ಅಂತ ಆಮ್ಯಾಲೆ ನೋಡೋಣಂತ."

"ಕಾಕಾನ ಕೌಂಟರಿಗಿರ್ಲಿ ಸಾವ್ಕಾರ್ರೆ, ನಾ ಗೋಡೌನಿಗೆ ಹೋಗ್ತೀನಿ" ಅಂದಳು ಗುಲ್ನಾಜ್.

"ನೀ ಹೇಳ್ಬ್ಯಾಡ, ಗಿರಾಕಿ ಹೇಳ್ತಾರ" ಅಂದರು.

ಐವತ್ತೆರಡನೆಯ ವಯಸ್ಸಿನಲ್ಲಿ ಪೆಟ್ಟಿಗೆ ಹೊರಲಾರೆ. ಹಿಡಿದದ್ದು ಹಿಡಿತದಲ್ಲಿದೆಯೋ ಇಲ್ಲವೋ ಅಂತ ಕಣ್ಣಿನಿಂದ ನೋಡಿ ತಿಳಿದುಕೊಳ್ಳಬೇಕಾದವನು ಪೆಟ್ಟಿಗೆ ಹೇಗೆ ಹೊರುತ್ತಾನೆ? ಕೌಂಟರಿನ ಕುರ್ಚಿ ಹೋದರೆ ಕುರುಗೋಡಿನ ಮನೆಯ ಕಟ್ಟೆ. ಅಷ್ಟೆ. ನನ್ನ ಜಾಗವನ್ನು ನನಗೇ ಬಿಟ್ಟುಕೊಡುವಷ್ಟು ಅವಳು ಯಾವಾಗ ದೊಡ್ಡವಳಾದಳು ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಜನವರಿ 16, ಗುರುವಾರ

ಕುಡತಿನಿಯ ಪೇಂಟರ್ ಒಬ್ಬ ಬಂದ. ಹತ್ತು ವರ್ಷದ ಗಿರಾಕಿ. ನಾನು ಎದುರಿಗೇ ಕೂತಿದ್ದೇನೆ. "ಮೇಡಮ್ಮಾರು ಊಟಕ್ಕ ಹೋಗ್ಯಾರೇನ್ರಿ? ಬರ್ಲಿ, ಕುಂದರ್ತೀನಿ" ಅಂದ.

ಕೂತ. ಇಪ್ಪತ್ತು ನಿಮಿಷ ಕೂತ.

ಜನವರಿ 22, ಬುಧವಾರ

ಬೆಳಿಗ್ಗೆ ನಾರಿನ ಡಿಸ್ಕಿನ ಡಬ್ಬದಲ್ಲಿ ಕೈ ಹಾಕಿದೆ. ಕೆಲವಕ್ಕೆ ನಡುವಿನ ತೂತಿನಿಂದ ಒಂದು ಗೇಣು ಕೆಂಪು ದಾರ ಕಟ್ಟಿತ್ತು. ಎಲ್ಲಾ ಮಿಕ್ಸ್ ಡಿಸ್ಕುಗಳು. ಸಾದಾ ನಾರಿಗೆ ದಾರವಿಲ್ಲ.

"ಯಾರು ಕಟ್ಟಿದ್ದು?"

"ನಾನ ಕಟ್ಟೀನಿ ಕಾಕಾ. ಗದ್ದಲ ಇದ್ದಾಗ ನೋಡಿದ ಕೂಡ್ಲೇ ಗೊತ್ತಾಗ್ಲಿ ಅಂತ. ನನಗ ಒಮ್ಮೊಮ್ಮೆ ತಪ್ಪತೈತಿ."

ಅವಳಿಗೆ ತಪ್ಪುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಮಾತಾಡುವಾಗ ನನ್ನ ಮುಖ ನೋಡದೆ ಕೈ ನೋಡುತ್ತಿದ್ದಳು. ಚಂದ್ರಣ್ಣನವರು ದಾರ ನೋಡಿ "ಭಾಳ ಚಲೋ ಮಾಡೀದಿ ನೋಡವ್ವ, ಇದು ನಮಗ ಇಷ್ಟು ವರ್ಷ ಹೊಳೀಲೇ ಇಲ್ಲ" ಅಂದರು. ನಮಗೆ ಅಂದರು. ಅವರು ಡಬ್ಬಕ್ಕೆ ಯಾವತ್ತೂ ಕೈ ಹಾಕಿದವರಲ್ಲ.

ಜನವರಿ 23, ಗುರುವಾರ

ಮಧ್ಯಾಹ್ನ ಅವಳು ನಮಾಜಿಗೆ ಅಜ್ಜಿಯ ಮನೆಗೆ ಹೋದಾಗ ದಾರಗಳನ್ನೆಲ್ಲ ಕತ್ತರಿಸಿದೆ. ಮೂವತ್ತೊಂದು. ಗೀಟು ಹಾಕಿದಂತೆ ಒಂದರ ಪಕ್ಕ ಒಂದು ಕೌಂಟರಿನ ಮೇಲೆ ಜೋಡಿಸಿ ಇಟ್ಟೆ, ಬಂದು ನೋಡಲಿ ಅಂತ.

ಬಂದಳು. ನೋಡಿದಳು. ದಾರಗಳನ್ನು ಗುಡಿಸಿ ಬುಟ್ಟಿಗೆ ಹಾಕಿದಳು. "ಕಾಕಾ, ನಾ ಯಾರಿಗೂ ಹೇಳಾಂಗಿಲ್ರಿ" ಅಂದಳು, ಬಹಳ ಮೆಲ್ಲಗೆ.

ಏನನ್ನು ಹೇಳುವುದಿಲ್ಲ ಅಂತ ನಾನು ಕೇಳಲಿಲ್ಲ.

ಜನವರಿ 25, ಶನಿವಾರ

ಇಮಾಮಹುಸೇನ್ ಫೋನ್ ಮಾಡಿದ್ದ. ಟೆಂಪೊ ಎಫ್‌.ಸಿ.ಗೆ ಒಯ್ಯಬೇಕು, ಗಾಡಿ ಓಡಿಸಲು ಯೋಗ್ಯ ಅಂತ ಆರ್.ಟಿ.ಓ. ಸರ್ಟಿಫಿಕೇಟು ಆಗಬೇಕು, ಅದಕ್ಕೆ ಚೇಸಿಸ್ ತಿಕ್ಕಿ ಕಪ್ಪು ಬಣ್ಣ ಹೊಡೆಯುತ್ತಿದ್ದಾನೆ. "ನಂಬರಿನ ಮ್ಯಾಲೆ ತುಕ್ಕು ಹಪ್ಪಳ ಕಟ್ಟೇತಿ ಬಸಣ್ಣ. ಒಂದಂಕಿ ಕಾಣವಲ್ದು. ನನಗ ಕಣ್ಣು ಬ್ಯಾರೆ ಮಬ್ಬು. ಪ್ರತಿ ಸಲ ಕೊಡ್ತೀಯಲ್ಲ, ಆ ಮೆತ್ತಂದು, ಅದನ್ನ ಗುಲ್ನಾಜ್ ಕೈಯಾಗ ಕಳ್ಸು."

ಸಾದಾ ನಾರು. ಒತ್ತಿದ ಅಂಕಿಗಳು ಕೂದಲೆಳೆಯಷ್ಟು ಆಳ ಇರುತ್ತವೆ, ಬೇರೆ ಯಾವುದೂ ಅಲ್ಲಿ ಮುಟ್ಟಬಾರದು. ಡಬ್ಬದಲ್ಲಿ ಕೈ ಹಾಕಿ ಒಂದನ್ನು ತೆಗೆದೆ. ಎಸಳ ನಡುವೆ ಹೆಬ್ಬೆರಳು ತೂರಿಸಿದೆ. ಮೆತ್ತಗಿತ್ತು. ಈಗ ಎಲ್ಲವೂ ಮೆತ್ತಗಿರುತ್ತದೆ.

ಕಾಗದದಲ್ಲಿ ಸುತ್ತಿ ಕೊಟ್ಟೆ. ಅವಳು ಚೀಲಕ್ಕೆ ಹಾಕುವ ಮೊದಲು ಬಿಚ್ಚಿ, ಬೆರಳು ಹಾಕಿ ನೋಡಿದಳು. "ಕಾಕಾ, ಇದು ಮಿಕ್ಸ್ ಐತಿ ಅನಿಸ್ತೈತ್ರಿ."

"ಅನಿಸ್ತೈತಿ?"

"ಇನ್ನೊಮ್ಮೆ ನೋಡ್ರಿ."

"ಲೇ, ನೀ ಹುಟ್ಟಾಕಿಂತ ಮೊದ್ಲಿಂದ ಡಿಸ್ಕ್ ಹಿಡದಾವ ನಾನು. ಒಂದೂವರೆ ತಿಂಗಳಿಗೆ ನನಗ ಪಾಠ ಹೇಳ್ತೀಯೇನು? ನಿನ್ನ ಅಪ್ಪಗ ನಾ ಕೆಟ್ಟದ್ದು ಕೊಡ್ತೀನೇನು?"

ಅವಳು ಮತ್ತೆ ಸುತ್ತಿದಳು. ಬಸ್ಸಿಗೆ ಹೊತ್ತಾಗಿತ್ತು. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಹೋದ ಮೇಲೆ ಡಬ್ಬದ ಮುಂದೆ ಬಹಳ ಹೊತ್ತು ನಿಂತಿದ್ದೆ. ಫೋನ್ ಮಾಡಿ, ಒಂದು ಸಲ ನಿನ್ನ ಬೆರಳಿನಿಂದ ನೋಡಿಕೊಂಡು ಹಚ್ಚು ಅಂತ ಇಮಾಮಹುಸೇನನಿಗೆ ಹೇಳಬಹುದಿತ್ತು. ಫೋನ್ ಜೇಬಿನಲ್ಲೇ ಇತ್ತು. ಹೇಳಿದರೆ ಯಾಕೆ ಅನ್ನುತ್ತಿದ್ದ.

ಜನವರಿ 28, ಮಂಗಳವಾರ

ನಂಬರು ಹೋಗಿದೆ.

ಭಾನುವಾರ ನಸುಕಿನಲ್ಲಿ, ಮಗಳು ಏಳುವ ಮೊದಲೇ, ಅವನು ತುಕ್ಕಿನ ಮೇಲೆ ಎರಡು ಸಲ ಹಾಯಿಸಿದನಂತೆ, ಪ್ರತಿ ಸಲದಂತೆ ನಂಬಿಕೆಯಿಂದ ಒತ್ತಿ. ಒರೆಸಿ ನೋಡಿದರೆ ಕನ್ನಡಿಯಂಥ ಕಬ್ಬಿಣ. ಒಂದಂಕಿಯೂ ಇಲ್ಲ. ನಂಬರಿಲ್ಲದ ಗಾಡಿ ಎಫ್‌.ಸಿ. ಆಗುವುದಿಲ್ಲ. ಕದ್ದ ಗಾಡಿಯ ನಂಬರನ್ನು ಹೀಗೇ ಉಜ್ಜುತ್ತಾರೆ ಅಂತ ಎಲ್ಲರಿಗೂ ಗೊತ್ತು. ಎಫ್‌.ಸಿ. ಇಲ್ಲದೆ ಮಿಲ್ಲಿನವರು ತೌಡು ಹೇರುವುದಿಲ್ಲ. ಅವನಿಗೆ ಇರುವುದು ಅದೊಂದೇ ಗಾಡಿ, ಅದೊಂದೇ ಕೆಲಸ.

ಚಂದ್ರಣ್ಣನವರು ಕೇಳಿದರು, "ಯಾರು ಕೊಟ್ಟಿದ್ದು ಬಸಣ್ಣ ಆ ಡಿಸ್ಕು?"

"ಗುಲ್ನಾಜ್ ತಗಂಡು ಹೋದ್ಲ್ರಿ" ಅಂದೆ.

ಇದರಲ್ಲಿ ಸುಳ್ಳು ಯಾವುದೂ ಇಲ್ಲ.

ಜನವರಿ 30, ಗುರುವಾರ

ಇವತ್ತು ಅಪ್ಪ ಮಗಳು ಬಂದಿದ್ದರು. ಅವನ ಕೈಯಲ್ಲಿ ಆ ಡಿಸ್ಕು. ಕೌಂಟರಿನ ಮೇಲೆ ಇಟ್ಟ. ಎಸಳುಗಳು ಸವೆದು ಒಳಗಿನ ಎಮರಿ ಬಟ್ಟೆ ಈಗ ಕಣ್ಣಿಗೇ ಕಾಣುತ್ತಿತ್ತು. ಚಂದ್ರಣ್ಣನವರು ನೋಡಿ "ಮಿಕ್ಸ್" ಅಂದರು.

"ಇದನ್ನ ನಾನು ಆರಿಸಿಲ್ಲ ಸಾವ್ಕಾರ್ರೆ. ಕಾಕಾ ಆರಿಸಿದ್ದು" ಅಂದಳು ಗುಲ್ನಾಜ್. "ಮಿಕ್ಸ್ ಐತಿ ಅಂತ ನಾ ಹೇಳಿದ್ದೆ. ಹೌದಿಲ್ಲೋ ಕಾಕಾ?"

ಮೂವರೂ ನನ್ನ ಕಡೆ ನೋಡಿದರು. ನಾನು ಡಿಸ್ಕನ್ನು ಕೈಗೆ ತೆಗೆದುಕೊಂಡು, ಎಸಳ ನಡುವೆ ಹೆಬ್ಬೆರಳು ತೂರಿಸಿದೆ. "ಇದು ಮಿಕ್ಸ್ ಅಂತ ನನ್ನ ಬೆರಳಿಗೆ ತಿಳಿಯಾಂಗಿಲ್ಲೇನವ್ವ?" ಅಂದೆ.

ಅದು ಸಾಕಾಯಿತು. ಇಮಾಮಹುಸೇನ್ ಅವಳ ಕೆನ್ನೆಗೆ ಹೊಡೆದ. ಅಂಗಡಿ ತುಂಬ ಜನ. "ದೊಡ್ಡವರ ಮ್ಯಾಲೆ ಹಾಕ್ತೀಯೇನು? ಅನ್ನ ಹಾಕಿದವರ ಮ್ಯಾಲೆ?" ಇನ್ನೊಮ್ಮೆ ಕೈ ಎತ್ತಿದ. ನಾನು ಹಿಡಿದುಕೊಂಡೆ. ಹಿಡಿದಿದ್ದೇನೆಯೋ ಇಲ್ಲವೋ ತಿಳಿಯದೆ ಬಹಳ ಬಿಗಿಯಾಗಿ ಹಿಡಿದಿರಬೇಕು, "ಬಿಡು ಬಸಣ್ಣ, ನೋಯ್ತೈತಿ" ಅಂದ.

ಗುಲ್ನಾಜ್ ಅಳಲಿಲ್ಲ. ಬೆರಳಿನ ವಿಷಯವನ್ನು ಅವಳು ಆಗ ಹೇಳಬಹುದಿತ್ತು. ಹೇಳಿದರೆ ಚಂದ್ರಣ್ಣನವರು ಎರಡು ಡಿಸ್ಕು ತಂದು ನನ್ನ ಮುಂದೆ ಇಟ್ಟು ಕಣ್ಣು ಮುಚ್ಚು ಅನ್ನುತ್ತಿದ್ದರು. ಅವಳು ಹೇಳುತ್ತಾಳೆ ಅಂತ ಕಾದೆ. ಹೇಳಲಿಲ್ಲ. ಯಾರಿಗೂ ಹೇಳುವುದಿಲ್ಲ ಅಂದಿದ್ದಳಲ್ಲ. ಕೆಲವರಿಗೆ ತಮ್ಮ ಮಾತಿನ ಮೇಲೆ ಬಹಳ ಜಂಬ.

ಹೊಡೆಯಬಾರದಿತ್ತು ಅವನು. ಬೆಳೆದ ಹುಡುಗಿ.

ಫೆಬ್ರವರಿ 5, ಬುಧವಾರ

ಗೋಡೌನ್ ಇನ್ನೂ ತಯಾರಿಲ್ಲ. ಅಲ್ಲಿಯವರೆಗೆ ಆ ಹುಡುಗಿಯನ್ನು ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಕೆಲಸಕ್ಕೆ ಹಾಕಿದ್ದಾರೆ. ಕುಡತಿನಿಯ ಪೇಂಟರ್ ಬಂದಿದ್ದ. ಮೇಡಂ ಎಲ್ಲಿ ಅಂದ. ಆದದ್ದನ್ನು ಹೇಳಿದೆ. "ಅಯ್ಯೋ, ಸದ್ಯ ನನ್ನ ಗಾಡಿಗೆ ಏನೂ ಆಗ್ಲಿಲ್ಲ" ಅಂತ ನಕ್ಕ.

ಈಗ ಹೊಸ ಪದ್ಧತಿ ಮಾಡಿಕೊಂಡಿದ್ದೇನೆ. ಮಿಕ್ಸ್ ಡಿಸ್ಕುಗಳನ್ನು ಬೇರೆ ಡಬ್ಬಕ್ಕೆ ಹಾಕಿಸಿದ್ದೇನೆ. ಬೇರೆ ಮಾಡಿಕೊಟ್ಟವಳು ಅವಳೇ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಒಂದೊಂದಕ್ಕೂ ಬೆರಳು ತೂರಿಸಿ, ಅತ್ತ ಒಂದು ಇತ್ತ ಒಂದು. ಇನ್ನೂರ ಹದಿನಾಲ್ಕು. ಎರಡು ಸಲ ಮಾಡಿಸಿದೆ.

ಫೆಬ್ರವರಿ 12, ಬುಧವಾರ

ಊಟದ ಹೊತ್ತಿನಲ್ಲಿ ನಾನು ಇದನ್ನೇ ಬರೆಯುತ್ತಾ ಕೂತಿದ್ದೆ. ಅವಳು ಹಿಂದಿನಿಂದ ಬಂದು ಕೌಂಟರಿನ ಆ ಕಡೆ, ಗಿರಾಕಿಗಳು ನಿಲ್ಲುವ ಕಡೆ ನಿಂತಳು.

"ಕಾಕಾ, ಒಂದು ಮಾತು. ಆರ್.ಟಿ.ಓ. ಆಫೀಸಿನ ಸಾಹೇಬ್ರು ಅಪ್ಪಗ ಹೇಳ್ಯಾರಂತ. ಇಲ್ಲಿಯ ಫೈಲಿನ್ಯಾಗಿರೋ ಪ್ರಿಂಟಿನ್ಯಾಗ ಕಡೀ ಅಂಕಿ ಕಾಣಂಗಿಲ್ಲ. ಚಂದಾಗಿ ಕಾಣೋ ಹಳೇ ಪ್ರಿಂಟ್ ಒಂದು ತಂದು ಕೊಟ್ರ ಹೋಲಿಸಿ ನೋಡಿ, ಮತ್ತ ನಂಬರ್ ಒತ್ತಾಕ ಮ್ಯಾಲಿನವರಿಗೆ ಬರೀತಾರಂತ. ಆವತ್ತು ನೀವು ಎರಡು ತೆಗೆದಿದ್ರಿ ಅಂತಾನ ಅಪ್ಪ."

ಡೈರಿ ನನ್ನ ಕೈಕೆಳಗೆ ತೆರೆದಿತ್ತು. ಪಟ್ಟಿ ಹಾಳೆಗಳ ನಡುವಿನಿಂದ ಎರಡು ಬೆರಳಗಲ ಹೊರಗೆ ಚಾಚಿತ್ತು. ಅವಳ ಕಡೆಗೆ.

"ಎಂಟು ವರ್ಷ ಆತಲ್ಲವ್ವ. ಎಲ್ಲಿ ಹೋತೋ ಏನೋ."

"ಮನ್ಯಾಗ ಒಮ್ಮೆ ಹುಡುಕ್ರಿ ಕಾಕಾ. ಯಾರು ಕೊಟ್ರು, ಯಾರು ಬಿಟ್ರು, ಅದನ್ನೆಲ್ಲ ನಾ ಮರತೀನಿ. ನಾನ ಕೊಟ್ಟೀನಿ ಅಂತ ಬೇಕಾದ್ರ ಬರ್ದು ಕೊಡ್ತೀನಿ. ಪ್ರಿಂಟ್ ಸಿಕ್ಕರ ಸಾಕು."

"ನೋಡ್ತೀನಿ" ಅಂದೆ.

ಹುಡುಕಿದೆ ಅಂತ ಹೇಳಲು ಎಷ್ಟು ದಿನ ಬಿಡಬೇಕು? ಒಂದು ವಾರ ಸಾಕು. ಕೊಡಬಾರದು ಅಂತ ನನಗೇನೂ ಇಲ್ಲ. ಆದರೆ ಕೊಟ್ಟರೆ, ಇಷ್ಟು ದಿನ ಎಲ್ಲಿತ್ತು ಅಂತ ಬರುತ್ತದೆ. ಚೆನ್ನಾಗಿ ಬಂದದ್ದನ್ನು ಯಾಕೆ ಇಟ್ಟುಕೊಂಡೆ ಅಂತ ಬರುತ್ತದೆ. ಒಂದನ್ನು ಎಳೆದರೆ ಇನ್ನೊಂದು. ಅವಳಿಗೂ ಒಳ್ಳೆಯದಲ್ಲ, ಮತ್ತೆ ಆ ಮಾತು ಏಳುವುದು.

ಫೆಬ್ರವರಿ 16, ಭಾನುವಾರ

ಸಾವಂತ್ರಮ್ಮ ಕಸ ಹೊಡೆಯುವಾಗ ಡೈರಿ ಎತ್ತಿ ಇಟ್ಟಳು. ಪಟ್ಟಿ ಜಾರಿ ಬಿತ್ತು.

"ಇದು ಇಮಾಮಣ್ಣನ ಗಾಡೀದಲ್ಲೇನ್ರಿ? ಆವತ್ತು ನನಗ ತೋರ್ಸಿದ್ರಿ, ಹೆಂಗ ಬಂದೈತಿ ನೋಡು ಅಂತ."

"ಬ್ಯಾರೆ ಗಾಡೀದು."

"ಅವರಿಗೆ ಬೇಕಾಗೇತಂತಲ್ರೀ—"

"ಬ್ಯಾರೆ ಗಾಡೀದು ಅಂದ್ನೆಲ್ಲ."

ಪಟ್ಟಿಯನ್ನು ನನ್ನ ಕೈಗೆ ಕೊಡಲಿಲ್ಲ. ಮಂಚದ ಮೇಲೆ ಇಟ್ಟು ಹೊರಗೆ ಹೋದಳು. ಮಧ್ಯಾಹ್ನ ರೊಟ್ಟಿ ಬಡಿದಳು, ಬಡಿಸಲಿಲ್ಲ. ನಾನೇ ಹಾಕಿಕೊಂಡೆ. ರೊಟ್ಟಿ ಬಿಸಿ ಇತ್ತೋ ಆರಿತ್ತೋ ನಾಲಗೆಗೆ ತಾಗುವವರೆಗೆ ತಿಳಿಯಲಿಲ್ಲ.

ಫೆಬ್ರವರಿ 20, ಗುರುವಾರ

ಸಿಗಲಿಲ್ಲ ಅಂತ ಹೇಳಿದೆ. "ಹೌದ್ರಿ" ಅಂದಳು.

ಫೆಬ್ರವರಿ 24, ಸೋಮವಾರ

ಆ ಹುಡುಗಿ ಬರಲಿಲ್ಲ. ಚಂದ್ರಣ್ಣನವರಿಗೆ ಫೋನಿನಲ್ಲಿ ಕೆಲಸ ಬಿಟ್ಟೆ ಅಂದಳಂತೆ. ಕಾರಣ ಕೇಳಿದ್ದಕ್ಕೆ "ಪೆಟ್ಟಿಗಿ ಭಾರ ಆಗ್ತಾವ" ಅಂದಳಂತೆ. ಈಗಿನವರಿಗೆ ಕೆಲಸ ಬೇಡ.

ಮಾರ್ಚ್ 11, ಮಂಗಳವಾರ

ಇಮಾಮಹುಸೇನ್ ಬಂದಿದ್ದ, ಬಸ್ಸಿನಲ್ಲಿ. ರಂಜಾನಿನ ಉಪವಾಸ, ತುಟಿ ಒಡೆದಿತ್ತು. ಆರು ವಾರದಲ್ಲಿ ಹತ್ತು ವರ್ಷ ಮುದುಕನಾಗಿದ್ದಾನೆ. ಹಳೆಯ ಪ್ರಿಂಟು ಕೇಳಿಕೊಂಡು ಆದೋನಿಗೆ ಮೂರು ಸಲ ಹೋಗಿಬಂದನಂತೆ. ಗಾಡಿ ಮಾರಿದವನು ತೀರಿಕೊಂಡಿದ್ದಾನೆ, ಅವನ ಮಕ್ಕಳು "ಮಾಕೇಂ ತೆಲೀದು", ನಮಗೇನೂ ಗೊತ್ತಿಲ್ಲ ಅಂತ ಬಾಗಿಲು ಹಾಕಿದರಂತೆ.

ಅದೇ ಹೊತ್ತಿಗೆ ಚಹಾ ಬಂತು. ಅವನ ಎದುರಿಗೆ ಕುಡಿಯಬೇಕೋ ಬೇಡವೋ ಅಂತ ಒಂದು ಕ್ಷಣ ಅನ್ನಿಸಿತು. ಕುಡಿದೆ. ಆರಿಸಿ ಕುಡಿಯುವುದು ಈಗ ರೂಢಿ, ಹಾಗಾಗಿ ನಿಧಾನವಾಯಿತು.

"ಗುಲ್ನಾಜ್ ಹೆಂಗದಾಳ?"

"ಕರೂರು ಕಡಿ ಗದ್ದಿ ಕಳೆ ತೆಗಿಯಾಕ ಹೊಕ್ಕಾಳ, ಹೆಣ್ಮಕ್ಕಳ ಜೋಡಿ. ಬಿ.ಕಾಂ. ಮಾಡಿದಾಕಿ. ನಾ ಮಾತಾಡ್ಸಂಗಿಲ್ಲ ಬಸಣ್ಣ. ಊಟಕ್ಕ ಒಟ್ಟಿಗೆ ಕುಂದ್ರಂಗಿಲ್ಲ. ಇನ್ನೂ ನಿನ್ನ ಹೆಸರು ಹೇಳ್ತಾಳ. ಕುರಾನ್ ಮುಟ್ಟಿ ಹೇಳ್ತೀನಿ ಅಂದ್ಲು. ಮುಟ್ಟಬ್ಯಾಡ ಅಂದೆ."

"ಹೋಗ್ಲಿ ಬಿಡು, ಸಣ್ಣ ಹುಡುಗಿ" ಅಂದೆ.

ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಹಿಡಿದಿರುವುದು ಕಣ್ಣಿಗೆ ಕಾಣುತ್ತಿತ್ತು.

ಮಾರ್ಚ್ 19, ಬುಧವಾರ

ಚಂದ್ರಣ್ಣನವರು ಹೊಸ ಕುರ್ಚಿ ತರಿಸಿದರು. ಕೈ ಇಡಲು ಎರಡೂ ಕಡೆ ಮೆತ್ತೆ ಇದೆ. ಗೋಡೌನಿಗೆ ಅನಿತಾ ಅಂತ ಒಬ್ಬಳು ಬರುತ್ತಾಳೆ, ಗಟ್ಟಿ ಹೆಣ್ಣುಮಗಳು. ಅವಳಿಗೆ ಕಾಳು ಕಲಿಸುವುದು ಬೇಡ, ಬೇಕಾಗುವುದಿಲ್ಲ ಅಂತ ನಾನೇ ಹೇಳಿದೆ.

ಏಪ್ರಿಲ್ 5, ಶನಿವಾರ

ಒಳ್ಳೆಯ ದಿನ. ಬೆಳಿಗ್ಗೆಯಿಂದ ಗಿರಾಕಿ.

ಹನ್ನೊಂದಕ್ಕೆ ಇಮಾಮಹುಸೇನ್ ಬಂದ. ಗಾಡಿಯನ್ನು ಕತ್ತರಿಸುತ್ತಾನಂತೆ. "ಗುಜರಿಯವ ಇಡೀ ಗಾಡಿ ಮುಟ್ಟಂಗಿಲ್ಲ ಅಂತಾನ. ನಂಬರ್ ಇಲ್ಲ, ಕಳ್ಳಮಾಲು ಅಂತಾನ. ತುಂಡು ಮಾಡಿ ತಾ, ತಗೋತೀನಿ ಅಂದ. ಕಬ್ಬಿಣದ ತುಂಡಿಗೆ ನಂಬರ್ ಯಾರು ಕೇಳ್ತಾರ? ಗ್ರೈಂಡರ್ ಐತಿ, ನಾನ ಕೊಯ್ತೀನಿ. ಎಂಥಾ ಡಿಸ್ಕ್ ಬೇಕು ನೀನ ಆರಿಸಿ ಕೊಡು."

ಆರಿಸಿ ಕೊಟ್ಟೆ. ಈ ಕೆಲಸವನ್ನು ಇಷ್ಟು ಮನಸ್ಸಿಟ್ಟು ಮಾಡಿ ಬಹಳ ದಿನವಾಗಿತ್ತು. ಬಾಡಿಯ ತಗಡಿಗೆ ತೆಳ್ಳನೆಯ ಕಟಿಂಗ್ ಡಿಸ್ಕು. ಚೇಸಿಸ್‌ನ ದಪ್ಪ ಕಬ್ಬಿಣಕ್ಕೆ ಅದಕ್ಕಿಂತ ದಪ್ಪದ್ದು. ಎಲ್ಲದರ ಮೇಲೂ ಚೀಟಿ ಇತ್ತು, ಓದಿ ಓದಿ ಕೊಟ್ಟೆ. "ಒತ್ತಬ್ಯಾಡ. ಅದರ ಭಾರಕ್ಕ ಅದೇ ಇಳೀತೈತಿ. ಓರೆ ಹಿಡೀಬ್ಯಾಡ, ಸಿಡೀತೈತಿ." ಕಣ್ಣಿಗೆ ಹಾಕಿಕೊಳ್ಳುವ ಕನ್ನಡಕವೊಂದನ್ನು ನನ್ನ ಕಡೆಯಿಂದ ಅಂತ ಕೊಟ್ಟೆ. ಮಬ್ಬುಗಣ್ಣಿನವನು, ಕಿಡಿ ಬಿದ್ದರೆ ಕಷ್ಟ.

ಕನ್ನಡಕವನ್ನು ಕೈಯಲ್ಲಿ ಹಿಡಿದು ನಿಂತ. "ಆವತ್ತೂ ನೀನ ಆರಿಸಿ ಕೊಟ್ಟಿದ್ರ ಈ ಗತಿ ಬರ್ತಿರಲಿಲ್ಲ ಬಸಣ್ಣ."

"ಆಗಿದ್ದು ಆತು ಬಿಡು."

"ಆಕೀನೂ ಬಂದಾಳ. ಹೊರಗ ನಿಂತಾಳ. ಬಾ ಅಂದ್ರ ಬರವಲ್ಲಳು."

ಬಾಗಿಲ ಕಡೆ ನೋಡಿದೆ. ರಸ್ತೆಯ ಆಚೆ ನೆರಳಿನಲ್ಲಿ ನಿಂತಿದ್ದಳು. ಬಿಸಿಲಿಗೆ ಮುಖ ಕಪ್ಪಗಾಗಿದೆ. ಇತ್ತ ನೋಡುತ್ತಿರಲಿಲ್ಲ.

"ನನಗ ಸಿಟ್ಟಿಲ್ಲ ಅಂತ ಹೇಳು. ನಾ ಆಕೀನ ಮಾಫ್ ಮಾಡೀನಿ ಅಂತ ಹೇಳು" ಅಂದೆ.

ಇಮಾಮಹುಸೇನನ ಕಣ್ಣಲ್ಲಿ ನೀರು ಬಂತು. ರಸ್ತೆ ದಾಟಿ ಹೋಗಿ ಅವಳಿಗೆ ಏನೋ ಹೇಳಿದ, ಕೈಯನ್ನು ಅಂಗಡಿಯ ಕಡೆ ಮಾಡಿ. ಅವಳು ಅವನ ಕೈಯಿಂದ ಡಿಸ್ಕುಗಳ ಪೊಟ್ಟಣ ತೆಗೆದುಕೊಂಡಳು. ಅಲ್ಲೇ ನಿಂತು ಬಿಚ್ಚಿ, ಒಂದೊಂದನ್ನೇ ಹೊರಗೆ ತೆಗೆದು, ಹೆಬ್ಬೆರಳಿನಿಂದ ಅಂಚು ಸವರಿ ನೋಡಿ, ಮತ್ತೆ ಕಟ್ಟಿದಳು. ಎಲ್ಲವೂ ಸರಿ ಇದ್ದವು. ಅದು ಅವಳಿಗೂ ತಿಳಿಯಿತಲ್ಲ ಅಂತ ಸಮಾಧಾನವಾಯಿತು.

ಈಗ ಬರೆಯಲು ತೆರೆದಾಗ ನೋಡಿದೆ. ಗುರುತಿನ ಪಟ್ಟಿಯ ಮೇಲಿನ ಕೊನೆಯ ನಾಲ್ಕು ಅಂಕಿಗಳು ಅಳಿಸಿ ಬೂದಿಯಂಥ ಮಸಿಯಾಗಿವೆ. ದಿನವೂ ಹಾಳೆ ತೆರೆಯುವಾಗ ಹೆಬ್ಬೆರಳು ಅದೇ ಜಾಗವನ್ನು ಉಜ್ಜುತ್ತಿತ್ತೇನೋ. ಗೊತ್ತಾಗಿಲ್ಲ. ಬಿಳಿ ಹಾಳೆಗೂ ಮಸಿ ಹತ್ತುತ್ತಿದೆ.

ಬೇರೆ ಪಟ್ಟಿ ಯಾವುದಾದರೂ ನೋಡಬೇಕು.